ಚಂದ್ರಿಯ ನಾಲ್ಕನೆಯ ಕಾಲು

ಬಿಳಿ ಬಟ್ಟೆ ಉಡುವವನಿಗೆ ಇಂಡಿ ಸೀಮೆಯಲ್ಲಿ ನೆಮ್ಮದಿಯಿಲ್ಲ. ನೆಲವೆಲ್ಲ ಕಪ್ಪು ಎರೆ. ಒಂದು ಮಳೆ ಬಿದ್ದರೆ ಸಾಕು, ಆ ಮಣ್ಣು ಗಂಡಸರನ್ನು ಧೋತರ ಹಿಡಿದೇ ಮಾತಾಡಿಸುತ್ತದೆ. ಆದರೂ ನಾವು ಬಿಳಿಯನ್ನು ಬಿಟ್ಟವರಲ್ಲ. ಒಗೆದು, ನೀಲಿಯಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದೇ ಕೆಸರಿಗೆ ಇಳಿಯುತ್ತೇವೆ. ನಾನಂತೂ ಬಟ್ಟೆ ವ್ಯಾಪಾರಿ. ಮೈಮೇಲಿನ ಧೋತರವೇ ಮಾಸಿದ್ದರೆ ಗಂಟಿನೊಳಗಿನದನ್ನು ಯಾರು ಕೊಳ್ಳುತ್ತಾರೆ? ಹೀಗಾಗಿ ನನಗೆ ಬಿಳಿಯ ಹುಚ್ಚು ಸ್ವಲ್ಪ ಇದೆ ಎಂದು ಮನೆಯವರು ಹೇಳುತ್ತಾರೆ. 'ಸ್ವಲ್ಪ' ಎಂಬುದು ನಾನು ಸೇರಿಸಿದ್ದು.

ಇಂಥವನಿಗೆ ದೇವರು ಪಂಚಕಲ್ಯಾಣಿ ಕುದುರೆಯನ್ನು ಕೊಡಬಾರದಿತ್ತು. ಮೋಟಾರು ಝಳಕಿಯ ದಾರಿ ಬಿಟ್ಟು ಒಳಗಿನ ಹಳ್ಳಿಗಳಿಗೆ ಇಳಿಯದ ಕಾಲವದು. ಸಂತೆಯಿಂದ ಸಂತೆಗೆ ಗಂಟು ಹೊರಲು ನಾನು ಸಾಕಿದ್ದ ಚಂದ್ರಿ ಎಂಬ ಕೆಂಪು ಹೆಣ್ಣುಕುದುರೆಗೆ ನಾಲ್ಕು ಕಾಲೂ ಕೆಳಗೆ ಬಿಳಿ, ಮುಖದ ಮೇಲೊಂದು ಬಿಳಿ ಪಟ್ಟೆ. ಶುಭವೆಂದರೆ ಶುಭ. ಆದರೆ ಊರಿನ ಕಣ್ಣಿಗೆ ಬೀಳುತ್ತಿದ್ದದ್ದು ಮೊಣಕಾಲಿನವರೆಗಿನ ಕೆಸರು ಮಾತ್ರ.

ತಂಗಿ ಶಾಂತಾಗೆ ಹೊರ್ತಿಯ ವರ ಗೊತ್ತಾದಾಗ, ಬಾಯಿ ಸುಮ್ಮನಿರಲಾರದೆ ಬೀಗರ ಮುಂದೆ ಚಂದ್ರಿಯನ್ನು ಹೊಗಳಿಬಿಟ್ಟೆ. ವರನ ಅಜ್ಜ ಕುದುರೆಯ ಲಕ್ಷಣ ನೋಡುವುದರಲ್ಲಿ ಬಲು ಕಟ್ಟುನಿಟ್ಟಿನ ಮನುಷ್ಯ. "ಚಲೋ ಆತು ಬೀಗರ, ನಮ್ಮ ಹುಡುಗ ಅದರ ಮ್ಯಾಲೇನ ಮೆರವಣಿಗಿ ಬರ್ಲಿ," ಎಂದರು. "ಆದ್ರ ಮೂರ ಕಾಲು ಬೆಳ್ಳಗಿದ್ದ ಅಪಶಕುನದ ಕುದುರಿ ತಂದೀರಿ ಅಂದ್ರ ಹನಮಪ್ಪನ ಗುಡಿಯಿಂದನ ಹೊಳ್ಳಿ ಹೋಗ್ತೇವಿ ನೋಡ್ರಿ." ಅವರು ನಗುತ್ತ ಹೇಳಲಿಲ್ಲ. ಶಾಂತಾಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಅಡುಗೆಮನೆಯಿಂದ ಅವಳ ಗುನುಗು ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತಿತ್ತು, ಹೋಗಿ ಚಂದ್ರಿಯ ಕಾಲುಗಳನ್ನು ಇನ್ನೊಮ್ಮೆ ನೋಡಿ ಬರುತ್ತಿದ್ದೆ.

ಮದುವೆಯ ಹಿಂದಿನ ದಿನ ಮಳೆ ಬಂತು. ಚಂದ್ರಿ ಮನಸಾರೆ ಉರುಳಾಡಿದಳು. ನಾನು ಬಕೆಟ್ಟಿನಲ್ಲಿ ಒಗೆಯುವ ಸೋಡಾ ಕದಡುತ್ತಿದ್ದಾಗ ಹೆಂಡತಿ ಬಂದು ಬಕೆಟ್ಟು ಕಸಿದುಕೊಂಡಳು.

"ಏನ್ರಿ, ಅದು ನಿಮ್ಮ ಧೋತ್ರ ಏನು? ಚರ್ಮ ಸುಟ್ಟೀತು. ಮಣ್ಣು ಒಣಗಲಿ, ಆಮ್ಯಾಲೆ ತಿಕ್ಕ್ರಿ."

ಒಣಗಿದ ಮೇಲೆ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದರೆ ಅರ್ಧ ಮಣ್ಣು ತಾನಾಗಿ ಉದುರಿತು. ಉಳಿದದ್ದಕ್ಕೆ ಉಗುರುಬೆಚ್ಚನೆಯ ನೀರು, ಹೆಂಡತಿ ತಲೆಗೆ ಹಾಕಿಕೊಳ್ಳುವ ಅಂಟವಾಳದ ನೊರೆ. ಹಿಂಗಾಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದಕ್ಕೆ ಇನ್ನೊಮ್ಮೆ ಬೈಸಿಕೊಂಡೆ. "ಬಾಜೂಕ ನಿಂದರ್ರಿ. ಮೊದಲ ಬೆನ್ನ ಮ್ಯಾಲೆ ಕೈ ಇಡ್ರಿ, ಹಂಗ ಕೆಳಗ ಜಾರಿಸ್ರಿ. ನೀವು ಬಂದೀರಿ ಅಂತ ಅದಕ್ಕ ಗೊತ್ತಾಗಬೇಕಲ್ಲ." ಕೊನೆಗೆ ಹಳೆ ಪಂಚೆಯಿಂದ ಗೊರಸಿನ ಮೇಲಿನ ಸಂದೆಲ್ಲ ಒರೆಸಿದೆ, ಅಲ್ಲಿ ಹಸಿ ಉಳಿದರೆ ಚರ್ಮ ಬಿರಿಯುತ್ತದಂತೆ. ಮೂರು ಕಾಲು ಹಾಲಿನ ಹಾಗೆ ಹೊಳೆದವು.

ನಾಲ್ಕನೆಯದು, ಬಲ ಹಿಂಗಾಲು, ತುಸು ಹಳದಿ ಹೊಡೆಯುತ್ತಿತ್ತು. ಹೆಂಡತಿ ಒಳಗೆ ಹೋಗಿದ್ದಳು. ಹಳದಿ ಕಂಡರೆ ನಮ್ಮ ಕಡೆಯ ಕೈ ತಾನಾಗಿಯೇ ಎಲ್ಲಿಗೆ ಹೋಗುತ್ತದೆಂದು ನಿಮಗೆ ಗೊತ್ತೇ ಇದೆ. ಒಂದೇ ಚಿಟಿಕೆ ನೀಲಿ ಎಂದುಕೊಂಡೆ. ಒದ್ದೆ ಕೂದಲು ಅದನ್ನು ಗಟಗಟನೆ ಕುಡಿಯಿತು. ಎಷ್ಟು ತೊಳೆದರೂ ಆ ಕಾಲು ಆಕಾಶದ ಬಣ್ಣ ಬಿಡಲಿಲ್ಲ. ಈಗ ಚಂದ್ರಿಗೆ ಬಿಳಿ ಕಾಲು ಮೂರೇ. ನನಗೆ ನಿಜವಾಗಿ ಅಳು ಬಂತು. ಶಾಂತಾ ಬಂದು ನೋಡಿದಳು, ಬಗ್ಗಿ ಸೆರಗಿನಿಂದ ಆ ಕಾಲನ್ನು ಒಮ್ಮೆ ಉಜ್ಜಿದಳು. ಆಮೇಲೆ, "ಇರ್ಲಿ ಬಿಡಣ್ಣಾ, ಕರ್ರಗಂತೂ ಆಗಿಲ್ಲ," ಎಂದಳು.

ಮರುದಿನ ಬೀಗರು ಬಂದಿಳಿದಿದ್ದ ಗುಡಿಯವರೆಗೆ ಚಂದ್ರಿಯನ್ನು ಹುಲ್ಲಿದ್ದ ಅಂಚಿನಲ್ಲಿ ನಡೆಸಿ, ಕೆಸರಿನ ನಡುದಾರಿಯನ್ನು ನಾನು ಹಿಡಿದೆ. ಬಲ ಹಿಂಗಾಲು ಗೋಡೆಯ ಕಡೆ ಬರುವಂತೆ ನಿಲ್ಲಿಸಿದೆ. ಅಜ್ಜ ಸುತ್ತು ಹಾಕಿಯೇ ನೋಡಿದರು. ನೀಲಿ ಕಾಲಿನ ಮುಂದೆ ನಿಂತರು. ಅಷ್ಟರಲ್ಲಿ ವರ ಗುಡಿಯ ನೆರಳಿನಿಂದ ಬಿಸಿಲಿಗೆ ಬಂದ. ಅವನ ಹೊಸ ಧೋತರ, ಅಂಗಿ ಎರಡೂ ಚಂದ್ರಿಯ ಕಾಲಿಗಿಂತ ಒಂದು ಪಟ್ಟು ಹೆಚ್ಚೇ ನೀಲಿಯಾಗಿದ್ದವು.

ಅಜ್ಜ ಮೊಮ್ಮಗನನ್ನು ನೋಡಿದರು, ಕಾಲನ್ನು ನೋಡಿದರು. "ನಮ್ಮ ಮನ್ಯಾಗೂ ನೀಲಿ ಹಾಕೂ ಕೈ ಜರಾ ದೊಡ್ಡದೈತ್ರಿ ಬೀಗರ," ಎಂದರು. "ಅವನ ಅಂಗಿ ಬೆಳ್ಳಗ ಅಂತಿದ್ರ, ಈ ಕಾಲೂ ಬೆಳ್ಳಗನ. ಏರಸ್ರಿ ಹುಡುಗನ್ನ."

ಬೀಗರ ಕಾಲಿಗೆ ಕೊಡಲೆಂದು ನೀರಿನ ತಂಬಿಗೆ ಎತ್ತಿ ಅಜ್ಜನ ಮುಂದೆ ಹಿಡಿದೆ. ಅವರು ಬಗ್ಗಿ ನನ್ನ ಮೊಣಕಾಲಿನವರೆಗಿನ ಎರೆಮಣ್ಣನ್ನು ನೋಡಿ, ತಂಬಿಗೆಯನ್ನು ನನ್ನ ಕಡೆಗೇ ತಿರುಗಿಸಿದರು. "ಮೊದಲ ನೀವು ತೊಳಕೊಳ್ರಿ. ಇಲ್ಲಿ ಕರಿ ಕಾಲು ಅಂದ್ರ ನಿಮ್ಮವ ಎರಡ ಅದಾವ."

ಆಮೇಲೆ ನಾನು ಹೊರ್ತಿಗೆ ಹೋದಾಗಲೆಲ್ಲ ಶಾಂತಾ ನಗುನಗುತ್ತ ನೀರು ಹಿಡಿದು ಬಾಗಿಲಿಗೆ ಬರುತ್ತಿದ್ದಳು. ನಾನು ಧೋತರ ಎತ್ತಿ ಕಾಲು ಮುಂದೆ ಚಾಚುತ್ತಿದ್ದೆ. ಅವಳು ನನ್ನನ್ನು ದಾಟಿಕೊಂಡು ಚಂದ್ರಿಯ ಹತ್ತಿರ ಹೋಗುತ್ತಿದ್ದಳು, ನೀರು ಉಳಿದರೆ ನನಗೆ.