ಬಾಯ್ಲರಿನ ಮುಂದೆ ಸೀನಬಾರದು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟರೆ ಉರಿಯನ್ನು ಒಮ್ಮೆ ಸಣ್ಣ ಮಾಡಿ, ಒಮ್ಮೆ ದೊಡ್ಡ ಮಾಡಿ, ಕಡೆಗೆ ಉಕ್ಕಿಸಿಯೇ ಬಿಡುತ್ತೇನೆ. "ನಿಮ್ಮ ಕೈಗೆ ಒಂದೀಟು ಸಮಾಧಾನ ಅನ್ನೋದು ಇಲ್ಲ ನೋಡ್ರಿ" ಎಂದು ನನ್ನ ಹೆಂಡತಿ ಸುಮಿತ್ರಾ ಸುಲಿಯಲು ಅವರೆಕಾಯಿ ತಂದು ಮುಂದಿಡುತ್ತಾಳೆ. ಇಂಥವನಿಗೆ ಸಿಕ್ಕ ಉದ್ಯೋಗವಾದರೂ ಯಾವುದು? ಬಾಯ್ಲರಿನ ಉರಿ ಹದ ಮಾಡುವುದು! ಗ್ಯಾಸಿಗೆ ಎಷ್ಟು ಗಾಳಿ ಬೇಕೋ ಅಷ್ಟೇ ಸಿಗುವಂತೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಬೇಕು; ಹೊಗೆಕೊಳವೆಗೆ ಚುಚ್ಚಿದ ಮೀಟರು ಒಂದು ಕಡೆ ನಿಲ್ಲುವ ತನಕ ಕೈಕಟ್ಟಿ ಕಾಯಬೇಕು; ಆಮೇಲೆ ಮತ್ತೊಂದು ಕೂದಲೆಳೆ. ಕೈಕಟ್ಟಿ ನಿಲ್ಲುವುದು ನನಗೆ ಒಂಟಿ ಕಾಲಿನ ಮೇಲೆ ನಿಂತ ಹಾಗೆ.

ನನ್ನ ಮನೆ ರಾಣೇಬೆನ್ನೂರಿನಲ್ಲಿ, ಕಾರ್ಖಾನೆ ಬ್ಯಾಡಗಿಯಲ್ಲಿ. ಹೊಸದಾಗಿ ಕೊಂಡ ಮೊಬೈಲನ್ನು ಯಾರೂ ಫೋನು ಮಾಡದಿದ್ದರೂ ಬಸ್ಸಿನುದ್ದಕ್ಕೂ ಕಿಸೆಯಿಂದ ತೆಗೆದು ನೋಡುತ್ತಿದ್ದ ಕಾಲ ಅದು. ಮೆಣಸಿನಕಾಯಿಯಿಂದ ಬಣ್ಣ, ಎಣ್ಣೆ ತೆಗೆಯುವ ಸಣ್ಣ ಕಾರ್ಖಾನೆ ನಮ್ಮದು. ಸೌದೆಯ ಹೊಗೆವಾಸನೆ ಮಾಲಿಗೆ ಹತ್ತುತ್ತದೆಂದು ಮಾಲೀಕರಾದ ಚೆನ್ನಬಸಣ್ಣ ಗ್ಯಾಸಿನ ಬಾಯ್ಲರು ತರಿಸಿದ್ದರು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ಕಾಲಿಟ್ಟವರು ಸೀನಲೇಬೇಕು. ಕಂಡಕ್ಟರು ಸೀನುತ್ತಾನೆ, ಚಹಾದವನು ಸೀನುತ್ತಾನೆ, ದಲಾಲರು ದರ ಕೂಗುವುದರ ನಡುವೆಯೇ ಸೀನಿ ಮುಗಿಸುತ್ತಾರೆ. ಯಾರೂ ಯಾರನ್ನೂ ತಪ್ಪು ತಿಳಿಯುವುದಿಲ್ಲ.

ಆದರೆ ಬಾಯ್ಲರಿನ ಮುಂದೆ ಮಾತ್ರ ಸೀನುವಂತಿರಲಿಲ್ಲ. ದಿನಾ ಬೆಳಗ್ಗೆ ಊದುಬತ್ತಿ ಬೆಳಗಿ, ಕುಂಕುಮ ಹಚ್ಚಿ ಬರ್ನರು ಹೊತ್ತಿಸುವ ಪದ್ಧತಿ. ಆ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಮುಗಿಯಿತು, ಚೆನ್ನಬಸಣ್ಣ ಎಲ್ಲರನ್ನೂ ಹೊರಗೆ ಕಳಿಸಿ, ನೀರು ಕುಡಿಸಿ, ಮತ್ತೆ ಮೊದಲಿನಿಂದ ಪೂಜೆ ಮಾಡಿಸುತ್ತಿದ್ದರು. "ಮಾರ್ಕೆಟ್‌ನ್ಯಾಗ ಸೀನಿದ್ರ ಅದು ಮೆಣಸಿನಕಾಯಿ. ಬೆಂಕಿ ಮುಂದ ಸೀನಿದ್ರ ಅದು ಅಪಶಕುನಾರಿ" ಎಂಬುದು ಅವರ ಶಾಸ್ತ್ರ. ನಾನು ಶಕುನ ನಂಬುವವನಲ್ಲ. ಹಿಂದೆ ಹೋಗಿ ನಗುತ್ತಿದ್ದೆ. ಸೀನುಗಳ ದೆಸೆಯಿಂದ ಬಾಯ್ಲರು ಹೊತ್ತುವುದೇ ಮಧ್ಯಾಹ್ನವಾಗತೊಡಗಿತು.

ಒಂದು ಸೋಮವಾರ ಹೋದೆ. ಪೂಜೆ ಒಂದೇ ಏಟಿಗೆ ಮುಗಿಯಿತು, ಒಬ್ಬರೂ ಸೀನಲಿಲ್ಲ. ಬಾಯ್ಲರು ಮನೆಯಲ್ಲಿ ಎಷ್ಟು ಹಿತ! ಕಣ್ಣುರಿ ಇಲ್ಲ, ಘಾಟು ಇಲ್ಲ. ಚೆನ್ನಬಸಣ್ಣ ಮೀಸೆಯಲ್ಲೇ ನಕ್ಕು ಪೇಟೆಗೆ ಹೋದರು. ಯಾಕೆ ಹೀಗಾಯಿತೆಂದು ನಾನು ಕೇಳಲೂ ಇಲ್ಲ. ಹಾವೇರಿಯಿಂದ ಬಾಡಿಗೆಗೆ ತಂದ ಮೀಟರನ್ನು ಹಚ್ಚಿ ಕೆಲಸಕ್ಕೆ ನಿಂತೆ.

ಉರಿ ನೀಲಿಯಾಗಿರಬೇಕಿತ್ತು, ಹಳದಿಯಾಗಿ ತೂಕಡಿಸುತ್ತಿತ್ತು. ಮೀಟರಿನಲ್ಲಿ ಆಮ್ಲಜನಕ ತಳ ಕಂಡಿದೆ, ಕಾರ್ಬನ್ ಮೊನಾಕ್ಸೈಡು ಏರುತ್ತಲೇ ಇದೆ. ಅರೆಬರೆ ಉರಿದ ಗ್ಯಾಸಿನಿಂದ ಹುಟ್ಟುವ ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೋಣೆಗೆ ನುಗ್ಗಿದರೆ ಕೂತವರನ್ನು ಕೂತಲ್ಲೇ ಮಲಗಿಸುತ್ತದೆ. ಗಾಳಿಯ ತಿರುಪು ತಿರುಗಿಸಿದೆ. ಕಾಯಬೇಕಲ್ಲ, ಕಾಯಲಿಲ್ಲ, ಇನ್ನಷ್ಟು ತಿರುಗಿಸಿದೆ. ಮೀಟರು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

"ಸಾಹೇಬ್ರ, ಯಾಕೋ ತಲಿ ಭಾಳ ಭಾರ ಆಗೈತ್ರಿ" ಎಂದ ಖಾದರ್‌ಸಾಬ್. ದಿನವಿಡೀ ಬಾಯ್ಲರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುವ ಆಪರೇಟರು ಅವನೇ. ನಾನು ಬ್ಯಾಡಗಿಗೆ ಬಂದ ದಿನದಿಂದ ನನ್ನ ಜೊತೆ ಬುತ್ತಿ ಹಂಚಿಕೊಂಡು ಉಂಡವನು.

"ರಾತ್ರಿ ನಿದ್ದಿ ಆಗಿಲ್ಲೇನು?"

"ಆಗೈತ್ರಿ. ಆದ್ರೂ ಈಗ ಮತ್ತ ನಿದ್ದಿ ಎಳಿಯಾಕತ್ತೈತ್ರಿ" ಎಂದವನೇ ಗೋಡೆಗೆ ತಲೆ ಆನಿಸಿದ.

ಹೊರಗೆ ಹಮಾಲರು ಸಾಲಾಗಿ ಸೀನುತ್ತಿರುವುದು ಕೇಳಿಸಿತು. ಅವರು ಅಷ್ಟು ಸೀನುತ್ತಿದ್ದಾರೆ, ನಾವು ಯಾಕೆ ಸೀನುತ್ತಿಲ್ಲ? ಸುಗ್ಗಿಯ ಬ್ಯಾಡಗಿಯಲ್ಲಿ ಒಬ್ಬ ಸೀನುತ್ತಿಲ್ಲವೆಂದರೆ ಅವನಿಗೆ ಗಾಳಿಯೇ ಬರುತ್ತಿಲ್ಲ ಎಂದರ್ಥ! ತಲೆಯೆತ್ತಿ ನೋಡಿದೆ. ಗೋಡೆಯ ಗಾಳಿಕಿಂಡಿಗಳಿಗೆಲ್ಲ, ಮೇಲಿನವಕ್ಕೂ ಕೆಳಗಿನವಕ್ಕೂ, ಗೋಣಿಚೀಲ ತುರುಕಲಾಗಿತ್ತು. ಅಪಶಕುನ ಒಳಗೆ ಬಾರದ ಹಾಗೆ ಚೆನ್ನಬಸಣ್ಣ ಭಾನುವಾರ ಬಂದೋಬಸ್ತು ಮಾಡಿಸಿದ್ದರು. ಬರ್ನರಿಗೆ ಉಸಿರಿಲ್ಲ, ಹೊಗೆಯು ಕೊಳವೆ ಬಿಟ್ಟು ಕೋಣೆಗೆ ತಿರುಗಿದೆ. ನಾನು ಮಾತ್ರ ತಿರುಪಿನ ಜೊತೆ ಜಗಳ ಆಡುತ್ತಿದ್ದೇನೆ.

ಗ್ಯಾಸು ಬಂದ್ ಮಾಡಿ, ಖಾದರನ ರಟ್ಟೆ ಹಿಡಿದು ದರದರ ಹೊರಗೆಳೆದೆ. "ಏನಾತ್ರಿ, ಏನಾತ್ರಿ" ಎಂದು ತೊದಲುತ್ತ ಬಂದ. ಮೆಣಸಿನಕಾಯಿ ಹರವಿದ ಕಣದ ಪಕ್ಕ ಕೂರಿಸಿ, "ಉಸುರು ತಗೋ ಮಾರಾಯಾ, ಜೋರ್ ತಗೋ" ಎಂದು ಬೆನ್ನು ತಿಕ್ಕಿದೆ. ಅವನು ಕಣ್ಣು ಅರೆಮುಚ್ಚಿ ಸುಮ್ಮನೆ ಕೂತಿದ್ದ. ಸುಮ್ಮನೆ ಕೂತ ಮನುಷ್ಯನನ್ನು ಕಂಡು ನಾನು ಅಷ್ಟು ಹೆದರಿದ್ದು ಅದೇ ಮೊದಲು. ಆಮೇಲೆ ಮೂಗು ಅರಳಿತು, ಬಾಯಿ ತೆರೆಯಿತು. ಅಕ್ಷೀ! ಒಂಟಿ ಸೀನು. ನನ್ನ ಕಣ್ಣಲ್ಲಿ ದಳದಳ ನೀರು ಬಂತು. ಘಾಟಿನದೆಂದು ಹಮಾಲರಿಗೆ ಹೇಳಿದೆ. ಅವನನ್ನು ಆಟೋದಲ್ಲಿ ಡಾಕ್ಟರ ಹತ್ತಿರ ಕಳಿಸಿದೆ.

ಚೀಲಗಳನ್ನು ಕಿತ್ತು, ಕೋಣೆಗೂ ಬಾಯ್ಲರಿನ ಹೊಟ್ಟೆಗೂ ಚೆನ್ನಾಗಿ ಗಾಳಿ ಆಡಿಸಿ, ಮರುದಿನ ಹೊತ್ತಿಸಿದೆವು. ಈ ಸಲ ತಿರುಪು ಒಂದು ಕೂದಲೆಳೆ ತಿರುಗಿಸಿ, ಸೀನುತ್ತ ಕಾದೆ. ಉರಿ ನೀಲಿಗೆ ತಿರುಗಿತು, ಮೀಟರು ತೆಪ್ಪಗೆ ನಿಂತಿತು. ಚೆನ್ನಬಸಣ್ಣ ಕಿಂಡಿಗಳಿಗೆ ಯಾರೂ ಏನೂ ತುರುಕದ ಹಾಗೆ ಕಬ್ಬಿಣದ ಜಾಲರಿ ಹೊಡೆಸಿ, "ಖಾದರ, ನೀ ಬೇಕಾದಷ್ಟು ಸೀನಪಾ" ಎಂದರು.

ಅಂದಿನಿಂದ ಖಾದರ ಒಮ್ಮೆ ಸೀನುವ ತನಕ ನಾನು ಬರ್ನರಿನ ಸ್ವಿಚ್ಚು ಮುಟ್ಟುವುದಿಲ್ಲ. ಸುಗ್ಗಿಯಲ್ಲಿ ತೊಂದರೆ ಇರಲಿಲ್ಲ. ಮಳೆಗಾಲ ಬಂತು, ಕಣ ಖಾಲಿಯಾಯಿತು, ಘಾಟು ಅಡಗಿತು. ಕಿಂಡಿ ತೆರೆದಿದೆ, ಗಾಳಿ ಬರುತ್ತಿದೆ, ಎಲ್ಲ ಕಣ್ಣಿಗೆ ಕಾಣುತ್ತಿದೆ. ಆದರೂ ಕೈ ಮುಂದೆ ಹೋಗದು. "ಸೀನು ಬರವಲ್ದರಿ ಸಾಹೇಬ್ರ, ಏನ್ ಮಾಡ್ಲಿ?" ಎಂದು ಖಾದರ ಗೋಳಾಡುತ್ತಾನೆ.

ಒಂದು ದಿನ ನನ್ನ ಅಂಗಿ ಒಗೆಯಲು ಹೋದ ಸುಮಿತ್ರಾ ಕಿಸೆಯಿಂದ ನಶ್ಯದ ಡಬ್ಬಿ ತೆಗೆದು, "ಇದನ್ಯಾವಾಗ ಕಲ್ತ್ರಿ?" ಎಂದು ಕೇಳಿದಳು. ಶಕುನ ನಂಬದ ನಾನು ಏನೆಂದು ಹೇಳಲಿ? ಸುಮ್ಮನೆ ಕೂತು ಅವರೆಕಾಯಿ ಸುಲಿದೆ.