ಇಳಿಯಲೊಲ್ಲದ ಕಂಪ್ಯೂಟರು

ಕಂಪ್ಯೂಟರುಗಳು ಮೇಜಿನ ಮೇಲೆ ಕೂತು ಕೂತು ಬೇಸತ್ತು, ಕೊನೆಗೊಂದು ದಿನ ಹಾರಲು ಕಲಿತ ಕಾಲದಲ್ಲಿ ಒಂದು ಊರಿತ್ತು. ಆ ಊರಲ್ಲೊಂದು ನೀರು ಸರಬರಾಜು ಕಚೇರಿ, ಆ ಕಚೇರಿಯಲ್ಲೊಬ್ಬ ಗುಮಾಸ್ತ. ಎಲ್ಲವನ್ನೂ ನಾಳೆಗೆ ಹಾಕುವವನಾದ್ದರಿಂದ ಅವನಿಗೆ ನಾಳೆಯಣ್ಣ ಎಂದೇ ಹೆಸರು ಬಿದ್ದಿತ್ತು.

ನಾಳೆಯಣ್ಣನನ್ನು ಸಾಕಿ ಬೆಳೆಸಿದವಳು ಅವನ ದೊಡ್ಡಮ್ಮ. ಆಕೆ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಾಗ, ಮೂರು ತಿಂಗಳು ನೋಡಿಕೊಂಡು, ಕೈಹಿಡಿದು ಮತ್ತೆ ಹೆಜ್ಜೆ ಹಾಕಿಸಿದವರು ಅಲ್ಲಿನ ಸಿಸ್ಟರ್. ಅವರಿಗೊಂದು ಉಪಕಾರದ ಕಾಗದ ಅಚ್ಚು ಹಾಕಿಸಿ ಕೊಡುತ್ತೇನೆಂದು ನಾಳೆಯಣ್ಣ ಯಾವತ್ತೋ ಮಾತು ಕೊಟ್ಟಿದ್ದ.

ಆ ಬೆಳಿಗ್ಗೆ ದೊಡ್ಡಮ್ಮ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. "ಸಿಸ್ಟರ್‌ಗೆ ವರ್ಗ ಆಗಿದೆ ಕಣೋ. ನಾಲ್ಕು ಗಂಟೆ ಬಸ್ಸಿಗೆ ಹೊರಡ್ತಾರಂತೆ. ಬರಿಗೈಲಿ ಹೋಗಿ ಹೇಗೋ ಮುಖ ತೋರಿಸಲಿ?"

"ಈಗಲೇ ಕೈಯಲ್ಲೇ ಬರೆದುಬಿಡ್ತೀನಿ ದೊಡ್ಡಮ್ಮ."

"ನಿನ್ನ ಅಕ್ಷರಾನಾ? ಔಷಧಿ ಚೀಟಿ ಅಂದ್ಕೊಂಡು ಅಂಗಡಿಗೆ ಕಳಿಸಿಬಿಡ್ತಾರೆ!"

ಹಾಗಾಗಿ ನಾಳೆಯಣ್ಣ ಎಂದೂ ಇಲ್ಲದ ಹಾಗೆ ಹತ್ತಕ್ಕೆಲ್ಲ ಕಚೇರಿಯಲ್ಲಿದ್ದ. ಕಾಗದ ಅಚ್ಚು ಹಾಕುವ ಅಲ್ಲಿನ ಕಂಪ್ಯೂಟರು ದೋಸೆ ಹೆಂಚಿನಷ್ಟಗಲ; ಬಾಗಿಲ ಮೇಲೆ ಜೇನುಹುಳದಂತೆ ಗುಂಯ್‌ಗುಡುತ್ತ ತೇಲುತ್ತಿತ್ತು. ಅದನ್ನು ಮಾಡಿದ ಪುಣ್ಯಾತ್ಮನಿಗೆ ಒಂದು ಹುಚ್ಚು. ಯಾರಾದರೂ ಮನಸಾರೆ ಉಪಕಾರ ನೆನೆದರೆ ಅದು ಕೈಗಿಳಿಯಬೇಕು. ಬರೀ ಬಾಯಿಮಾತಾದರೆ ಒಂದು ಮಾರು ಮೇಲೇರಬೇಕು. ಆ ಕಚೇರಿಗೆ ಬಂದು ವರ್ಷವಾಗಿದ್ದರೂ ಅದು ಒಮ್ಮೆಯೂ ಇಳಿದಿರಲಿಲ್ಲ.

"ಥ್ಯಾಂಕ್ಸ್ ಮಾರಾಯ, ಇಳಿ," ಎಂದ ನಾಳೆಯಣ್ಣ. ಅದು ಫ್ಯಾನಿನ ಮಟ್ಟಕ್ಕೇರಿತು.

"ಹಾಗಲ್ಲಯ್ಯ, ವಿನಯ ಬೇಕು," ಎಂದು ಹೆಡ್‌ಗುಮಾಸ್ತರು ಕನ್ನಡಕ ತೆಗೆದು ಕೈಮುಗಿದರು. "ಯಂತ್ರರಾಯರೇ, ತಮ್ಮ ಉಪಕಾರವನ್ನು ಏಳೇಳು ಜನ್ಮಕ್ಕೂ ಮರೆಯೋದಿಲ್ಲ."

ಅದು ಧಡ್ಡೆಂದು ಛಾವಣಿಗೆ ಹೊಡೆಯಿತು. ಸುಣ್ಣ ಉದುರಿ ಹೆಡ್‌ಗುಮಾಸ್ತರ ತಲೆ ಬೆಳ್ಳಗಾಯಿತು.

"ಹೋದ ವಾರ ನಿಮ್ಮ ಕೆಲಸಾನೂ ನಾನೇ ಮುಗಿಸಿಕೊಟ್ಟಾಗ ನನಗೂ ಇದೇ ಮಾತು ಹೇಳಿದ್ರಿ, ಅಲ್ವಾ ಸರ್?" ಎಂದರು ಟೈಪಿಸ್ಟಮ್ಮ ತಣ್ಣಗೆ.

ಜವಾನ ಮೇಜಿನ ಮೇಲೆ ಸ್ಟೂಲಿಟ್ಟು, ಅದರ ಮೇಲೆ ತಾನು ನಿಂತು, ಉದ್ದ ಪೊರಕೆ ಬೀಸಿದ. ಕಂಪ್ಯೂಟರು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಚಿಮ್ಮಿ ಕಿಟಕಿಯಿಂದ ಹೊರಗೆ ಹಾರಿತು.

ಹಿಂದೆಯೇ ನಾಳೆಯಣ್ಣ ಓಡಿದ. ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೊಬ್ಬ ಹೊರಬಂದು, "ಬೈದು ನೋಡಿ, ಇಳಿಯುತ್ತೆ," ಎಂದ. ನಾಳೆಯಣ್ಣ ಬೈದ. ಅದು ತೆಂಗಿನಮರದಷ್ಟು ಎತ್ತರಕ್ಕೆ ಹೋಯಿತು. ಊರೆಲ್ಲ ಕತ್ತೆತ್ತಿ ಸಲಹೆ ಕೊಟ್ಟಿತು; ಒಂದೊಂದು ಸಲಹೆಗೂ ಅದು ಇನ್ನಷ್ಟು ಮೇಲೇರಿತು. ಕಡೆಗೆ ಅದು ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಹೋಗಿ ನಿಂತಾಗ ಮೂರೂವರೆ.

ನೂರಿಪ್ಪತ್ತು ಮೆಟ್ಟಿಲು ಹತ್ತಿದ ನಾಳೆಯಣ್ಣ ಟ್ಯಾಂಕಿನ ಮೇಲೆ ದೊಪ್ಪನೆ ಕುಸಿದ. ಕೆಳಗೆ ಬಸ್ ನಿಲ್ದಾಣದ ಕಡೆಗೆ ಕೋಲೂರಿಕೊಂಡು ಹೋಗುತ್ತಿದ್ದ ಪುಟ್ಟ ಆಕೃತಿ ಕಂಡಿತು.

"ಕೇಳಿದ್ದು ಒಂದು ಕಾಗದ, ಅದನ್ನೂ ಕೊಡಲಿಲ್ಲ ದೊಡ್ಡಮ್ಮ," ಎಂದು ಗೊಣಗಿದ. "ಜ್ವರ ಬಂದಾಗ ನನ್ನನ್ನ ಎದೆಗೊತ್ತಿಕೊಂಡು ಕೂತೆ ನೀನು. ಒಂಬತ್ತು ವರ್ಷದವರೆಗೂ ಹಾಸಿಗೆ ಒದ್ದೆ ಮಾಡ್ತಿದ್ದೆ. ಪಕ್ಕದವರು ಕೇಳಿದ್ರೆ ನೀನು ಹೂಜಿ ಉರುಳ್ತು ಅಂದೆ. ನಿನ್ನ ಪಾಲಿನ ತುತ್ತನ್ನ ನನ್ನ ತಟ್ಟೆಗೆ ಹಾಕಿ, ಹಸಿವಿಲ್ಲ ಅಂದೆ. ನೀನಿಲ್ಲದಿದ್ರೆ ನಾನು ಮನುಷ್ಯನೇ ಆಗ್ತಿರಲಿಲ್ಲ."

ಕಂಪ್ಯೂಟರು ಹೂವಿನಂತೆ ತೊಡೆಯ ಮೇಲೆ ಬಂದು ಕೂತಿತು.

ನಾಳೆಯಣ್ಣನಿಗೆ ಜೀವ ಬಂತು. "ಸಿಸ್ಟರ್ ಅವರಿಗೆ ಅಂತ ಹಾಕಿ, ಒಂದು ಉಪಕಾರದ ಕಾಗದ ಅಚ್ಚು ಮಾಡಪ್ಪ, ಬೇಗ!" ಕಾಗದ ಹೊರಬಂತು. ಓದಲು ಪುರುಸೊತ್ತೆಲ್ಲಿ? ಮಡಚಿಕೊಂಡು ಓಡಿದ.

ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಲ್ಲಿದ್ದ ಸಿಸ್ಟರ್ ಕಾಗದ ತೆಗೆದುಕೊಂಡು, ದೊಡ್ಡಮ್ಮನಿಗೂ ಕೇಳಲೆಂದು ಗಟ್ಟಿಯಾಗಿ ಓದತೊಡಗಿದರು. "ಸಿಸ್ಟರ್ ಅವರಿಗೆ. ಜ್ವರ ಬಂದಾಗ ನನ್ನನ್ನ ಎದೆಗೊತ್ತಿಕೊಂಡು ಕೂತೆ ನೀನು. ಒಂಬತ್ತು ವರ್ಷದವರೆಗೂ ಹಾಸಿಗೆ ಒದ್ದೆ ಮಾಡ್ತಿದ್ದೆ..."

ಮನಸಾರೆ ಬಂದ ಮಾತನ್ನಷ್ಟೇ ಆ ಯಂತ್ರ ಅಚ್ಚು ಮಾಡಿತ್ತು! ಬಸ್ಸಿಗೆ ಬಸ್ಸೇ ಕಿವಿಯಾಯಿತು. ಹಿಂದೆ ಓಡಿಬಂದಿದ್ದ ಹೆಡ್‌ಗುಮಾಸ್ತರು, "ಹೌದೇನಯ್ಯ?" ಎಂದರು. ನಾಳೆಯಣ್ಣ ನಿಂತಲ್ಲೇ ಕುಗ್ಗಿಹೋದ.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದು ನನ್ನ ಕಾಗದ ಸಿಸ್ಟರ್, ಕೊಡಿ ಇಲ್ಲಿ."

"ಮೇಲೆ ನನ್ನ ಹೆಸರಿದೆಯಲ್ಲಮ್ಮ!" ಸಿಸ್ಟರ್ ಅದನ್ನು ಎದೆಗೊತ್ತಿಕೊಂಡರು. "ಇಪ್ಪತ್ತು ವರ್ಷದಿಂದ ಒದ್ದೆ ಹಾಸಿಗೆ ಬದಲಿಸ್ತಿದ್ದೀನಿ. ಇವತ್ತು ಒಬ್ಬ ಅದಕ್ಕೆ ಉಪಕಾರ ನೆನೆದ. ಹೊಸ ಆಸ್ಪತ್ರೇಲಿ ಇದನ್ನ ಗೋಡೆಗೆ ಅಂಟಿಸ್ತೀನಿ!"

ಕಂಡಕ್ಟರ್ ಸೀಟಿ ಊದಿದ. ದೊಡ್ಡಮ್ಮ ನಾಳೆಯಣ್ಣನ ಪಕ್ಕೆಗೆ ತಿವಿದಳು. "ನನ್ನ ಉಪಕಾರ ಆಯ್ತು, ಅವರದ್ದೆಲ್ಲೋ?"

ಅವನು ಬಸ್ಸಿನ ಜೊತೆಜೊತೆಗೇ ಓಡುತ್ತ ಕಿಟಕಿಯ ಸರಳು ಹಿಡಿದು ಕೂಗಿದ: "ಸಿಸ್ಟರ್, ನಮ್ಮ ದೊಡ್ಡಮ್ಮ ಎದ್ದು ನಿಂತಿದ್ದಾಳೆ, ನೋಡಿ! ಅದು ನಿಮ್ಮಿಂದ!"

ಸಿಸ್ಟರ್ ಬಗ್ಗಿ ನೋಡಿ, ಕಣ್ತುಂಬಿಕೊಂಡು, ಕೈಲಿದ್ದ ಕಾಗದವನ್ನೇ ಬಾವುಟದಂತೆ ಬೀಸಿದರು. ನಾಳೆಯಣ್ಣನ ಮಾನ ಹಾಗೇ ಪಟಪಟಿಸುತ್ತ ರಸ್ತೆಯ ತಿರುವಿನಲ್ಲಿ ಮರೆಯಾಯಿತು. ಕೊಟ್ಟ ಮಾತು ಮಾತ್ರ ಸಂದಿತು.