ಹತ್ತರಲ್ಲಿ ಎಂಟು ಪಾಲು

ಅಡುಗೆ ತಾನಾಗಿ ಆಗುತ್ತದೆ ಎಂದು ನಂಬಿಕೊಂಡಿದ್ದ ಗಂಡಸರಲ್ಲಿ ನಾನೂ ಒಬ್ಬ. ನನ್ನ ಹೆಂಡತಿ ವಿಮಲಾ ತೀರಿಕೊಂಡ ಮೇಲೆ ಆ ನಂಬಿಕೆ ಹೋಯಿತು. ಹುಂಚದಲ್ಲಿರುವ ಅತ್ತಿಗೆ ಏಳು ತಿಂಗಳಿಂದ ದಿನವೂ ಬೆಳಗಿನ ಬಸ್ಸಿಗೆ ಕ್ಯಾರಿಯರ್ ಕೊಟ್ಟು ಕಳಿಸುತ್ತಿದ್ದರು. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಳಿಸಿಕೊಳ್ಳುತ್ತಿದ್ದೆ. ದಾರಿಯ ಅಷ್ಟೂ ತಿರುವು ದಾಟುವುದರೊಳಗೆ ಸಾರು ಪಲ್ಯದ ಮನೆಗೆ ಹೋಗಿ ಬಂದಿರುತ್ತಿತ್ತು. "ಅಣ್ಣಾ, ಇವತ್ತು ಹಲಸಿನಕಾಯಿ. ಹಿಂದಿನ ಸೀಟಿನವ್ರೆಲ್ಲ ವಾಸ್ನೆಗೇ ಮುಂದೆ ಬಂದ್ರು" ಎಂದು ಕಂಡಕ್ಟರ್ ವರದಿ ಒಪ್ಪಿಸುತ್ತಿದ್ದ. ಊಟವೇನೋ ಚೆನ್ನಾಗಿರುತ್ತಿತ್ತು. ಆದರೆ ವಿಮಲಾಳ ಒಲೆ ತಣ್ಣಗೆ ಕೂತಿರುವುದನ್ನು ನೋಡುತ್ತ ಉಣ್ಣುವುದು ನನ್ನಿಂದಾಗಲಿಲ್ಲ.

"ಅತ್ತಿಗೆ, ಇನ್ನು ನಾನೇ ಬೇಯಿಸ್ಕೊಳ್ತೀನಿ" ಎಂದು ಫೋನ್ ಮಾಡಿದೆ.

"ನೀನಾ? ಹಾಲು ಉಕ್ಕಿದ್ರೆ ನನಗೆ ಫೋನ್ ಮಾಡೋನು! ಭಾನುವಾರ ನಾನೂ ನಿಮ್ಮಣ್ಣನೂ ಬರ್ತೀವಿ. ಉಣ್ಣೋ ಹಂಗಿದ್ರೆ ಕ್ಯಾರಿಯರ್ ನಿಲ್ಲಿಸ್ತೀನಿ. ಇಲ್ದಿದ್ರೆ ಬಾಯ್ಮುಚ್ಕೊಂಡು ನಾನು ಕಳ್ಸಿದ್ದು ಉಣ್ಬೇಕು."

ಬಾಯಿ ಮುಚ್ಚಿಕೊಂಡು ಉಣ್ಣುವುದು ಹೇಗೆಂದು ಕೇಳುವ ಧೈರ್ಯವಾಗಲಿಲ್ಲ.

ಪರೀಕ್ಷೆ ಎಂದ ಮೇಲೆ ಓದಬೇಕಲ್ಲ. ಹಳೆಯ ಪತ್ರಿಕೆಯ ಪುರವಣಿಯಲ್ಲಿ ಜಪಾನಿನವರ ಊಟದ ಕ್ರಮ ಸಿಕ್ಕಿತು. ಊಟದಲ್ಲಿ ಬಿಳಿ, ಕಪ್ಪು, ಕೆಂಪು, ಹಸಿರು, ಹಳದಿ ಎಂದು ಐದು ಬಣ್ಣ ಇರಬೇಕಂತೆ. ಆಯಾ ಕಾಲದಲ್ಲಿ ಬೆಳೆದದ್ದನ್ನೇ ಬೇಯಿಸಬೇಕಂತೆ. ತಟ್ಟೆ ತುಂಬಿಸದೆ ಖಾಲಿ ಜಾಗ ಬಿಡಬೇಕು. ಆ ಖಾಲಿ ಜಾಗಕ್ಕೂ ಒಂದು ಚಂದವಿದೆಯಂತೆ. ಹೊಟ್ಟೆ ಹತ್ತರಲ್ಲಿ ಎಂಟು ಪಾಲು ತುಂಬಿದಾಗ ಎದ್ದುಬಿಡಬೇಕು. ಅಡುಗೆ ಬಾರದವನಿಗೆ ಇದಕ್ಕಿಂತ ಅನುಕೂಲದ ಶಾಸ್ತ್ರ ಇನ್ನೊಂದಿಲ್ಲ. ಅವರ ಮೀನು ನಮಗೆ ಬೇಡ, ಕ್ರಮ ಸಾಕು ಎಂದು ನಿರ್ಧರಿಸಿದೆ.

ಬಿಳಿಗೆ ಅನ್ನ, ಹಳದಿಗೆ ಸೌತೆಕಾಯಿ ಹುಳಿ. ಕೆಂಪಿಗೆ ಕ್ಯಾರೆಟ್ ಸುಲಭವಿತ್ತು. ಆದರೆ ನಮ್ಮಂಥ ಜೈನರ ಮನೆಯಲ್ಲಿ ನೆಲದೊಳಗೆ ಬೆಳೆದ ಗಡ್ಡೆ ಬೇಯಿಸಿದರೆ ಅತ್ತಿಗೆ ಹೊಸ್ತಿಲಿಂದಲೇ ವಾಪಸ್ಸು. ಟೊಮೆಟೊ ಸಾರಿಗೆ ಒಪ್ಪಿಕೊಂಡೆ. ಕಪ್ಪಿಗೆ ಏನು ಮಾಡುವುದೆಂದು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಭಾನುವಾರ ಹಸಿರಿಗೆಂದು ಇಟ್ಟ ಬೆಂಡೆಕಾಯಿ ತಳ ಹಿಡಿದು ಅರ್ಧ ಕಪ್ಪಾಯಿತು. ಒಂದೇ ಪಲ್ಯದಲ್ಲಿ ಎರಡು ಬಣ್ಣ ಜಪಾನಿನವರಿಗೂ ಸಾಧ್ಯವಾಗಿರಲಿಕ್ಕಿಲ್ಲ.

ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚಿಟಿಕೆ ಬಡಿಸಿದೆ. ಅಣ್ಣ ತಟ್ಟೆಯನ್ನೇ ನೋಡಿದ.

"ಧರಣಿ, ಬಡಿಸಿ ಆಯ್ತಾ, ಇನ್ನೂ ಬಡಿಸ್ತಾ ಇದ್ಯಾ?"

"ಆಯ್ತು ಅಣ್ಣ. ಖಾಲಿ ಜಾಗ ನೋಡಕ್ಕೆ."

"ನೋಡಿದೆ. ಈಗ ಅದ್ರ ಮೇಲೆ ಅನ್ನ ಹಾಕು."

ಹಾಕಿದೆ. ಅವನು ಮತ್ತೆ ಕೇಳಿದಾಗ ಎಂಟು ಪಾಲಿನ ಮಹತ್ವ ವಿವರಿಸಿದೆ. ಅನ್ನದ ಪಾತ್ರೆ ಬರಿದಾಗಿದೆ ಎಂಬುದನ್ನು ಮಾತ್ರ ವಿವರಿಸಲಿಲ್ಲ.

ಅತ್ತಿಗೆ ತುತ್ತು ಕೈಯಲ್ಲೇ ಹಿಡಿದು ಕೇಳಿದರು: "ಇದ್ಕೆ ಜಪಾನಿಗೆ ಹೋಗ್ಬೇಕಿತ್ತಾ? ಹಸಿವಿಗಿಂತ ಎರಡು ತುತ್ತು ಕಮ್ಮಿ ಉಣ್ಣೋದು ನಮ್ಮಲ್ಲಿ ವ್ರತ ಅಲ್ವಾ? ವಿಮಲ ಯಾವಾಗ್ಲೂ ಹಂಗೇ ಏಳ್ತಿದ್ಲು. ನೀನು ನೋಡ್ಲೇ ಇಲ್ವಾ?"

ನೋಡಿರಲಿಲ್ಲ. ಅವಳು ಬೇಗ ಏಳುವುದು ನನಗೆ ಮಜ್ಜಿಗೆ ತರಲಿಕ್ಕೆ ಎಂದೇ ಇಪ್ಪತ್ತಾರು ವರ್ಷ ತಿಳಿದಿದ್ದೆ.

ಅಣ್ಣ ಬೆರಳಿಗಂಟಿದ ಹುಳಿ ನೆಕ್ಕಿ, "ಹುಳಿ ವಿಮಲ ಮಾಡ್ದಂಗೇ ಇದೆ ಕಣೋ" ಎಂದ.

"ಪುಡಿ ಅವಳದೇ. ಡಬ್ಬಿ ತಳದಲ್ಲಿತ್ತು."

"ಅದು ಮುಗಿದ್ಮೇಲೆ ಹುಂಚಕ್ಕೆ ಬಾ, ಹುರಿಯೋದು ಹೇಳ್ಕೊಡ್ತೀನಿ" ಎಂದರು ಅತ್ತಿಗೆ. "ಕ್ಯಾರಿಯರ್ ನಿಲ್ಲಿಸ್ತೀನಿ. ಆದ್ರೆ ಇನ್ಮೇಲೆ ಅಕ್ಕಿ ಧಾರಾಳ ಹಾಕು, ಮಾರಾಯ!"

ಬಸ್ಸು ಹತ್ತುವ ಮೊದಲು ಅಣ್ಣನ ಉಳಿದ ಎರಡು ಪಾಲಿಗೆ ಹೋಟೆಲಿನಲ್ಲಿ ನಾಲ್ಕು ಇಡ್ಲಿ ಬೇಕಾಯಿತು.

ಮರುದಿನ ಒಲೆ ಹಚ್ಚಿದೆ. ಅತ್ತಿಗೆಯ ಮಾತಿನಂತೆ ಧಾರಾಳವಾಗಿ ಅಕ್ಕಿ ಹಾಕಿದ್ದಕ್ಕೆ ಇಬ್ಬರಿಗಾಗುವಷ್ಟು ಅನ್ನವಾಯಿತು. ವಿಮಲಾಳಂತೆ ನಾನೂ ಎಂಟು ಪಾಲಿಗೆ ಏಳಬೇಕೆಂದು ಗಟ್ಟಿ ಮನಸ್ಸು ಮಾಡಿ ಕೂತೆ. ಎದ್ದೆ ಕೂಡ. ಮಜ್ಜಿಗೆ ತರುವವರು ಬೇರೆ ಯಾರೂ ಇರಲಿಲ್ಲವಲ್ಲ. ತಂದವನು ಮತ್ತೆ ಕೂತು ಪಾತ್ರೆ ಖಾಲಿ ಮಾಡಿದೆ. ಎದ್ದ ಮೇಲೆ ಮತ್ತೆ ಕೂರಬಾರದು ಎಂದು ಪುರವಣಿಯಲ್ಲಿ ಎಲ್ಲೂ ಬರೆದಿರಲಿಲ್ಲ.